ಗೇಜು ಹೇಳದ ಮಾತು

ಉಸಿರಾಡುವುದು ಬಹು ಸುಲಭವಾದ ಕೆಲಸವೆಂದು ಜನ ತಿಳಿದಿದ್ದಾರೆ. ಅದಕ್ಕೆ ಓದು ಬೇಡ, ಬಂಡವಾಳ ಬೇಡ, ಯಾರ ಶಿಫಾರಸೂ ಬೇಡ. ನಿದ್ದೆಯಲ್ಲಿಯೂ ಅದು ತನ್ನಷ್ಟಕ್ಕೆ ತಾನು ನಡೆದಿರುತ್ತದೆ. ನಾವೂ ಅರವತ್ತು ತುಂಬುವವರೆಗೆ ಹಾಗೆಯೇ ತಿಳಿದಿದ್ದೆವು. ಆಮೇಲೆ ನಮಗೆ ಉಬ್ಬಸ ಗಂಟುಬಿದ್ದಿತು. ಅಂದಿನಿಂದ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲುಗಳು ನಮ್ಮ ಪಾಲಿಗೆ ಸಹ್ಯಾದ್ರಿಯಾಗಿವೆ. ಅರ್ಧ ಏರಿ, ಕಂಬಿ ಹಿಡಿದು ನಿಂತು, ಪರಿಚಯದವರು ಎದುರಾದರೆ ‘ಗಾಡಿ ಬರುವುದನ್ನು ನೋಡುತ್ತಿದ್ದೇವೆ’ ಎಂದು ಸುಳ್ಳು ಹೇಳುವ ವಿದ್ಯೆಯನ್ನು ನಾವು ಚೆನ್ನಾಗಿ ಕಲಿತಿದ್ದೆವು.

ಆದರೆ ಈ ಬರಹ ನಮ್ಮ ಉಬ್ಬಸವನ್ನು ಕುರಿತದ್ದಲ್ಲ. ತಮ್ಮ ಕಾಯಿಲೆಯ ವರ್ಣನೆ ಮಾಡುವ ಮುದುಕರು ನಮ್ಮ ಸಂಘದಲ್ಲಿ ಈಗಾಗಲೇ ಬೇಕಾದಷ್ಟು ಮಂದಿ ಇದ್ದಾರೆ. ಅವರ ಹಕ್ಕಿಗೆ ನಾವು ಕೈಹಾಕುವುದಿಲ್ಲ. ಇದು ಸಮುದ್ರದಲ್ಲಿ ಮುಳುಗುವವರ ಬೆನ್ನಿನ ಸಿಲಿಂಡರಿನಿಂದ ಬಾಯಿಗೆ ಗಾಳಿ ತರುವ, ಎರಡಡಿ ಚಿಲ್ಲರೆ ಉದ್ದದ ಒಂದು ಹೋಸನ್ನು ಕುರಿತದ್ದು. ಉಬ್ಬಸ ಕೊನೆಯಲ್ಲಿ ತಾನಾಗಿ ಬಂದು ಸೇರಿಕೊಂಡರೆ ಓದುಗರು ಮನ್ನಿಸಬೇಕು.

ಕಳೆದ ಮಾಘ ಮಾಸದ ಒಂದು ಬೆಳಗ್ಗೆ ನಮ್ಮ ಸೋದರಳಿಯ ಊರಿನಿಂದ ಬಂದಿಳಿದ. ಹೊನ್ನಾವರದಲ್ಲಿರುವ ನಮ್ಮ ತಂಗಿಯ ಒಬ್ಬನೇ ಮಗ. ಮುರುಡೇಶ್ವರದಿಂದ ಯಾತ್ರಿಕರನ್ನು ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ ಸಮುದ್ರದ ತಳ ತೋರಿಸಿ ತರುವ ಉದ್ಯೋಗ ಅವನದು. ನೇತ್ರಾಣಿ ದಡದಿಂದ ಸುಮಾರು ೧೯ ಕಿಲೋಮೀಟರ್ ದೂರ. ಪಾರಿವಾಳ ದ್ವೀಪವೆಂದೂ ಹೆಸರುಂಟು. ಮಳೆಗಾಲದಲ್ಲಿ ಕಡಲು ಕಪ್ಪಾಗಿ ಕುದಿಯುವಾಗ ಕೆಲಸವಿಲ್ಲ. ಆಗ ಕುಳಿತು ಸಾಮಾನು ರಿಪೇರಿ ಮಾಡುತ್ತಾನೆ. ಭಾವ ತೀರಿಕೊಂಡ ಮೇಲೆ ಮನೆ ನಡೆಯುವುದು ಈ ಸಂಪಾದನೆಯಿಂದಲೇ. ಆದರೂ ತಂಗಿಗೆ ಅದು ಇಂದಿಗೂ ಒಪ್ಪಿಗೆಯಿಲ್ಲ. ‘ಅಣ್ಣಾ, ನೆಲದ ಮೇಲೆ ಇಷ್ಟು ಕೆಲಸ ಇರುವಾಗ ಇವನಿಗೆ ನೀರಿನ ಕೆಳಗೇ ಬೇಕಿತ್ತೋ?’ ಎಂದು ಪ್ರತಿ ಸಲ ಫೋನಿನಲ್ಲಿ ಕೇಳುತ್ತಾಳೆ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗೆ ಜಲಸ್ತಂಭ ವಿದ್ಯೆ ಗೊತ್ತಿತ್ತು. ನಮ್ಮ ಹುಡುಗನಿಗೆ ಗೊತ್ತಿರುವುದು ಸಿಲಿಂಡರು ಹೋಸುಗಳು ಮಾತ್ರ.

ಊರಿನ ಚೀಲವೆಂದರೆ ನಮ್ಮಾಕೆಗೆ ಬಲು ಆಸೆ. ಜೋನಿ ಬೆಲ್ಲ, ಹಲಸಿನ ಹಪ್ಪಳ, ಅಪ್ಪೆಮಿಡಿ ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತ ಜಿಪ್ ಎಳೆದಳು. ಒಳಗಿನಿಂದ ಕರಿಯ ಹೋಸುಗಳು ಒಂದರ ಮೇಲೊಂದು ಹೊರಳಿ ನೆಲಕ್ಕೆ ಬಿದ್ದವು.

‘ಅಯ್ಯೋ, ಎಂತದೋ ಇದು! ಹಾವಿನ ಮರಿ ತಂದವರ ಹಾಗೆ!’

‘ಹಾವಲ್ಲ ಅತ್ತೆ. ಮಾವನಿಗೆ ತೋರಿಸಲಿಕ್ಕೆ ತಂದದ್ದು. ಹಪ್ಪಳ ಇನ್ನೊಂದು ಚೀಲದಲ್ಲಿ ಉಂಟು.’

ಹಪ್ಪಳ ಉಂಟೆಂದು ತಿಳಿದ ಮೇಲೆ ಶಾಂತಿ ನೆಲೆಸಿತು. ಆದರೆ ಹುಡುಗನ ಮುಖದಲ್ಲಿ ಅದರ ಸುಳಿವಿರಲಿಲ್ಲ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ‘ಮಾವ, ನನ್ನ ಕೆಲಸ ಹೋಗುವ ಹಾಗೆ ಕಾಣುತ್ತದೆ’ ಎಂದ.

ಸಂಗತಿ ಹೀಗೆ. ಹಿಂದಿನ ವಾರ ಅನುಭವಸ್ಥ ಅತಿಥಿಯೊಬ್ಬರನ್ನು ನೇತ್ರಾಣಿಯ ಬಂಡೆಗಳ ಬದಿಯಲ್ಲಿ ಇಪ್ಪತ್ತು ಮೀಟರ್ ಆಳಕ್ಕೆ ಕರೆದೊಯ್ದಿದ್ದ. ತಿರುಗಿ ಬರುವಾಗ ಎದುರಿನಿಂದ ನೀರಿನ ಸೆಳೆತ. ಇಬ್ಬರೂ ಜೋರಾಗಿ ಕಾಲು ಬಡಿಯಬೇಕಾಯಿತು. ಆಗ ಅತಿಥಿ ಥಟ್ಟನೆ ನಿಂತು, ಕೈಯನ್ನು ಗಂಟಲಿಗೆ ಅಡ್ಡ ಎಳೆದು ತೋರಿಸಿದರು. ‘ಗಾಳಿ ಬರುತ್ತಿಲ್ಲ’ ಎಂಬುದಕ್ಕೆ ಅದು ಸಂಜ್ಞೆ. ಅವರ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಇತ್ತು. ಹುಡುಗ ತನ್ನಲ್ಲಿದ್ದ ಎರಡನೆಯ ಬಾಯಿಕೊಂಡಿಯನ್ನು ಅವರ ಬಾಯಿಗೆ ಕೊಟ್ಟು, ತೋಳು ಹಿಡಿದು, ನಿಧಾನವಾಗಿ ಮೇಲಕ್ಕೆ ತಂದ. ಪ್ರಾಣಾಪಾಯವಾಗಲಿಲ್ಲ. ದೋಣಿಯಲ್ಲಿ ಕುಳಿತು ಅದೇ ಉಪಕರಣದಿಂದ ಉಸಿರೆಳೆದು ನೋಡಿದರೆ ಗಾಳಿ ಧಾರಾಳವಾಗಿ ಬರುತ್ತಿತ್ತು! ಗೇಜು ಹಾಕಿ ನೋಡಿದರೆ ಒತ್ತಡ ಎಷ್ಟಿರಬೇಕೋ ಅಷ್ಟೇ ಇತ್ತು.

ಮಾಲೀಕರು ತರ್ಕ ಮಾಡಿದರು: ಒಂದೋ ಅತಿಥಿ ಹೆದರಿದರು, ಇಲ್ಲವೇ ರಿಪೇರಿ ಕೆಟ್ಟಿತು. ಅತಿಥಿಯನ್ನು ಹೆದರುಪುಕ್ಕಲನೆಂದರೆ ವ್ಯಾಪಾರ ಕೆಡುತ್ತದೆ. ಆದ್ದರಿಂದ ರಿಪೇರಿ ಕೆಟ್ಟಿತು. ರಿಪೇರಿ ಮಾಡಿದವನು ನಮ್ಮ ಹುಡುಗ. ‘ಹದಿನೈದು ದಿನ ಮನೆಯಲ್ಲಿರು, ಆಮೇಲೆ ನೋಡೋಣ’ ಎಂದರಂತೆ. ಈ ‘ನೋಡೋಣ’ ಎಂಬ ಮಾತಿನ ಅರ್ಥ ನೌಕರಿ ಮಾಡಿದವರಿಗೆಲ್ಲ ಗೊತ್ತು.

ನಮ್ಮ ಬಳಿಗೆ ಅವನು ಬಂದದ್ದೇಕೆಂದರೆ, ನಾವು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕಂಪ್ರೆಸರ್ ವಿಭಾಗದಲ್ಲಿ ದುಡಿದವರು. ಒತ್ತಿದ ಗಾಳಿಯ ಹುಟ್ಟುಗುಣ ಸ್ವಲ್ಪಮಟ್ಟಿಗೆ ತಿಳಿದವರು. ಆದರೆ ನೀರಿನೊಳಗಿನ ಈ ಯಂತ್ರ ನಮಗೆ ಹೊಸದು. ಆದಕಾರಣ ಮೊದಲ ದಿನ ಪೂರ್ತಿ ಅಳಿಯನೇ ಗುರು, ಮಾವನೇ ಶಿಷ್ಯ.

ಅವನು ತಿಳಿಸಿದ್ದನ್ನು ನಮಗೆ ಅರ್ಥವಾದಷ್ಟು ಹೇಳುತ್ತೇವೆ. ಬೆನ್ನಿನ ಸಿಲಿಂಡರಿನಲ್ಲಿ ಗಾಳಿಯನ್ನು ಸುಮಾರು ೨೦೦ ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ನಮ್ಮ ಸುತ್ತಲ ವಾಯುಮಂಡಲದ ಒತ್ತಡ ಸುಮಾರು ಒಂದು ಬಾರ್. ಹನ್ನೊಂದು ಲೀಟರು ಹಿಡಿಸುವ ಸಿಲಿಂಡರಿನಲ್ಲಿ ಹೀಗೆ ೨೨೦೦ ಲೀಟರಿನಷ್ಟು ಗಾಳಿ ಅಡಗಿರುತ್ತದೆ. ಅಷ್ಟು ಒತ್ತಡದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಟ್ಟರೆ ಪುಪ್ಪುಸ ಉಳಿಯುವುದಿಲ್ಲ. ಆದ್ದರಿಂದ ಎರಡು ಮೆಟ್ಟಿಲಲ್ಲಿ ಇಳಿಸುತ್ತಾರೆ. ಸಿಲಿಂಡರಿನ ಕೊರಳಿಗೆ ಕೂಡಿಸಿದ ಮೊದಲ ಹಂತ ಅದನ್ನು, ಸುತ್ತಲ ನೀರಿನ ಒತ್ತಡಕ್ಕಿಂತ ಒಂಬತ್ತು ಹತ್ತು ಬಾರ್ ಹೆಚ್ಚಿಗೆ ಇರುವಂತೆ ಇಳಿಸುತ್ತದೆ. ಆ ಗಾಳಿ ಹೋಸಿನಲ್ಲಿ ಹರಿದು ಬಾಯಿಯ ಬಳಿಯ ಎರಡನೆಯ ಹಂತಕ್ಕೆ ಬರುತ್ತದೆ. ಅಲ್ಲೊಂದು ತೆಳುವಾದ ಪೊರೆ. ಉಸಿರೆಳೆದಾಗ ಅದು ಒಳಕ್ಕೆ ಬಾಗಿ, ಒಂದು ಸನ್ನೆಯನ್ನು ಒತ್ತಿ, ಬೇಕಾದಷ್ಟು ಗಾಳಿ ಬಿಡುತ್ತದೆ. ಉಸಿರು ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ಕೇಳಿದವರಿಗೆ ಕೇಳಿದಷ್ಟು, ಕೇಳಿದಾಗ. ಇಂಥ ಗುಣ ಮನುಷ್ಯರಲ್ಲಿಯೂ ಅಪರೂಪ.

ಈ ಬೇಡಿಕೆಯ ಕವಾಟವನ್ನು ನೀರಿಗೆ ತಂದವರು ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮೀಲ್ ಗಾನ್ಯಾಂ, ೧೯೪೩ರಲ್ಲಿ. ಗಾನ್ಯಾಂ ಎಂಜಿನಿಯರು, ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದಿದ್ದಾಗ ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸುವ ಕವಾಟವೊಂದನ್ನು ಮಾಡಿದ್ದ. ಅದೇ ಉಪಾಯ ಮನುಷ್ಯನ ಉಸಿರಿಗೂ ಒದಗಿತು. ಅವರ ಯಂತ್ರದಲ್ಲಿ ಎರಡು ಹಂತಗಳೂ ಬೆನ್ನಿನ ಮೇಲೆಯೇ ಇದ್ದು, ಅಲ್ಲಿಂದ ಬಾಯಿಗೆ ಆನೆಯ ಸೊಂಡಿಲಿನಂಥ ದಪ್ಪ ಸುಕ್ಕಿನ ಹೋಸುಗಳೆರಡು ಬರುತ್ತಿದ್ದವು. ಆಮೇಲೆ ೧೯೫೨ರಲ್ಲಿ ಆಸ್ಟ್ರೇಲಿಯದ ಟೆಡ್ ಎಲ್ಡ್ರೆಡ್ ಎಂಬಾತ ಎರಡನೆಯ ಹಂತವನ್ನು ಬಾಯಿಯ ಬಳಿಗೆ ತಂದು, ನಡುವೆ ಒಂದೇ ಒಂದು ಸಣ್ಣ ಹೋಸನ್ನು ಜೋಡಿಸಿ ಮಾರಾಟಕ್ಕಿಟ್ಟ. ಅದಕ್ಕೆ ಪಾರ್ಪಸ್ ಎಂದು ಹೆಸರು. ಇಂದು ಎಲ್ಲರೂ ಬಳಸುವುದು ಆ ಬಗೆಯದನ್ನೇ.

‘ಅಷ್ಟು ದಪ್ಪದ ಎರಡು ಹೋಸು ಹೋಗಿ ಕಿರುಬೆರಳಿನಷ್ಟು ದಪ್ಪದ ಒಂದು ಹೋಸಿನಲ್ಲಿ ಹೇಗೆ ಸಾಕಾಯಿತೋ?’ ಎಂದು ನಮ್ಮಾಕೆ ಅಡಿಗೆಮನೆಯಿಂದಲೇ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ನಮಗೆ ತಿಳಿದಿತ್ತು. ದಪ್ಪ ಹೋಸಿನಲ್ಲಿ ಬರುತ್ತಿದ್ದುದು ಒತ್ತಡ ಪೂರ್ತಿ ಇಳಿದ, ಹರಡಿಕೊಂಡ ಗಾಳಿ. ಅರಳೆ ತುಂಬಿದ ಗಾಡಿಯ ಹಾಗೆ. ಸಣ್ಣ ಹೋಸಿನಲ್ಲಿ ಬರುವುದು ಇನ್ನೂ ಒತ್ತಿಕೊಂಡಿರುವ ಗಾಳಿ. ಅದೇ ಅರಳೆಯನ್ನು ಬಿಗಿದು ಮೂಟೆ ಕಟ್ಟಿದ ಹಾಗೆ. ಹತ್ತು ಪಟ್ಟು ಒತ್ತಿದರೆ ಹತ್ತನೆಯ ಒಂದು ಜಾಗ ಸಾಕು.

ಹೋಸುಗಳಲ್ಲಿ ಜಾತಿಗಳುಂಟು. ಹಳೆಯದು ಕರಿಯ ರಬ್ಬರಿನದು. ಗಟ್ಟಿ, ಭಾರ, ಬಾಗಿಸಿದರೆ ಮುನಿಸಿಕೊಳ್ಳುತ್ತದೆ. ಹೊಸದು ಮೇಲೆ ನೈಲಾನ್ ದಾರದ ಹೆಣಿಗೆ, ಒಳಗೆ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ಪದರ ಇರುವಂಥದು. ಹಗುರ, ಜಡೆಯಂತೆ ಬಳುಕುತ್ತದೆ, ಹತ್ತಾರು ಬಣ್ಣಗಳಲ್ಲಿ ಸಿಗುತ್ತದೆ. ಉದ್ದದಲ್ಲಿಯೂ ಭೇದ. ಸಾಮಾನ್ಯವಾಗಿ ಮುಕ್ಕಾಲು ಮೀಟರಿನ ಆಸುಪಾಸು. ಜೊತೆಗಾರನಿಗೆ ಕೊಡುವುದು ಒಂದು ಮೀಟರ್. ನೀರು ತುಂಬಿದ ಗವಿಗಳಲ್ಲಿ ಮುಳುಗುವವರದು ಎರಡು ಮೀಟರಿಗೂ ಮೇಲೆ. ಇಕ್ಕಟ್ಟಿನಲ್ಲಿ ಒಬ್ಬರ ಹಿಂದೊಬ್ಬರು ಹೋಗುತ್ತಲೇ ಒಂದೇ ಸಿಲಿಂಡರಿನಿಂದ ಉಸಿರಾಡಲು ಅನುಕೂಲವಾಗಲೆಂದು ಈ ಉದ್ದ. ಯಾವ ಹೋಸಿನಲ್ಲಿ ಗಾಳಿ ಹೆಚ್ಚು ಹರಿಯುತ್ತದೆ, ಹೆಣೆದದ್ದರ ಒಳಗಿಂಡಿ ದೊಡ್ಡದೋ ರಬ್ಬರಿನದೋ ಎಂದು ಮುಳುಗುವವರಲ್ಲಿ ವಾದಗಳು ನಡೆಯುತ್ತಲೇ ಇರುತ್ತವಂತೆ.

ತೊಂದರೆ ಕೊಟ್ಟದ್ದು ಹೆಣೆದ ಹೋಸು. ‘ಇದರ ಒಳಗಿಂಡಿ ಸಣ್ಣದು ಮಾವ, ಅದಕ್ಕೇ ಗಾಳಿ ಸಾಲಲಿಲ್ಲ’ ಎಂದು ಅಳಿಯನ ವಾದ. ‘ಗೇಜು ಏನು ಹೇಳಿತು?’ ಎಂದು ಕೇಳಿದೆವು. ‘ಒಂಬತ್ತೂವರೆ ಬಾರ್. ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ.’

ಅದನ್ನು ಕೇಳಿ ನಮಗೆ ಪರೇಲಿನ ಚಾಳು ನೆನಪಾಯಿತು. ಮದುವೆಯಾದ ಹೊಸತರಲ್ಲಿ ನಾವು ಅಲ್ಲಿ ಮೂರನೆಯ ಮಾಳಿಗೆಯಲ್ಲಿದ್ದೆವು. ಬೆಳಗಿನ ನಾಲ್ಕು ಗಂಟೆಗೆ ನಲ್ಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಬೆರಳನ್ನೇ ತಳ್ಳುತ್ತಿತ್ತು. ಆರು ಗಂಟೆಗೆ ಕೆಳಗಿನವರೆಲ್ಲ ಎದ್ದು ತಮ್ಮ ತಮ್ಮ ನಲ್ಲಿ ತಿರುಗಿಸಿದರೋ, ನಮ್ಮದರಲ್ಲಿ ನೂಲಿನೆಳೆಯಷ್ಟು ನೀರು. ನೀರು ನಿಂತಿರುವಾಗ ಒತ್ತಡ ಎಲ್ಲ ಮಾಳಿಗೆಯಲ್ಲಿಯೂ ಧಾರಾಳ. ಹರಿಯತೊಡಗಿದಾಗ ತಾನೇ ಕೊಳವೆಯ ಯೋಗ್ಯತೆ ತಿಳಿಯುವುದು! ಕಾರ್ಖಾನೆಯಲ್ಲಿಯೂ ಇದೇ ಕತೆ. ದೂರದ ಷೆಡ್ಡಿನಲ್ಲಿ ಗಾಳಿಯ ಸುತ್ತಿಗೆ ಏಳುವುದಿಲ್ಲವೆಂದು ಫಿಟ್ಟರು ಬಂದು ಕೂಗಾಡುತ್ತಿದ್ದ. ನಾವು ನಮ್ಮ ಗೇಜನ್ನು ತೋರಿಸಿ ಅವನನ್ನು ಸುಳ್ಳನೆಂದು ಅಟ್ಟುತ್ತಿದ್ದೆವು. ಒಂದು ದಿನ ಹಳೆಯ ಮುಕಾದಮರು ನಮ್ಮನ್ನೇ ಆ ಷೆಡ್ಡಿಗೆ ಕರೆದೊಯ್ದು, ಸುತ್ತಿಗೆ ನಡೆಯುತ್ತಿರುವಾಗ ಅಲ್ಲಿಯ ಗೇಜನ್ನು ನೋಡಿಸಿದರು. ಮುಳ್ಳು ಅರ್ಧಕ್ಕೆ ಇಳಿದಿತ್ತು. ಕೆಲಸ ನಿಂತಾಗ ಮೆಲ್ಲಗೆ ಏರಿ ಮೊದಲಿನಂತೆಯೇ ನಿಂತಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಅಂದು ಆದ ನಾಚಿಕೆ ಇಂದಿಗೂ ಆರಿಲ್ಲ.

‘ಹರಿಯುವಾಗ ಅಳೆಯೋಣ’ ಎಂದೆವು.

ಪರಿಚಯದವರೊಬ್ಬರ ಸಣ್ಣ ವರ್ಕ್‌ಶಾಪು ಹತ್ತಿರದಲ್ಲೇ ಇದೆ. ಇಲ್ಲಿ ಮುಳುಗುವ ಹವ್ಯಾಸವಿರುವ ಅಳಿಯನ ಮಿತ್ರನೊಬ್ಬ ತುಂಬಿದ ಸಿಲಿಂಡರನ್ನು ತಂದುಕೊಟ್ಟ. ಎರಡು ಗೇಜುಗಳನ್ನು ಹೊಂದಿಸಿಕೊಂಡೆವು. ಒಂದು ಮೊದಲ ಹಂತದ ಖಾಲಿ ಕಿಂಡಿಗೆ. ಇನ್ನೊಂದು ಹೋಸಿನ ಆಚೆಯ ತುದಿಗೆ, ಎರಡನೆಯ ಹಂತಕ್ಕೆ ಸ್ವಲ್ಪ ಮೊದಲು, ಟೀ ಆಕಾರದ ಕೊಂಡಿ ಹಾಕಿ. ಇವೆರಡರ ನಡುವಿನ ವ್ಯತ್ಯಾಸವೇ ಹೋಸು ತಿಂದುಹಾಕಿದ ಒತ್ತಡ. ಉಪಕರಣದ ಉಳಿದ ಭಾಗಗಳ ಗುಣದೋಷಗಳು ಅದರಲ್ಲಿ ಬೆರೆಯುವುದಿಲ್ಲ. ಎರಡನೆಯ ಹಂತದ ಮುಖದಲ್ಲಿ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ಗಾಳಿ ಭೋರೆಂದು ಹೊರಬರುತ್ತದೆ. ಅದನ್ನು ಐದು ಸೆಕೆಂಡು ಒತ್ತಿ ಹಿಡಿದು ಎರಡೂ ಮುಳ್ಳುಗಳನ್ನು ಓದುವುದೆಂದು ಗೊತ್ತುಮಾಡಿದೆವು. ಅಳಿಯ ಒತ್ತುವುದು, ನಾವು ಓದುವುದು, ಅವನ ಮಿತ್ರ ಬರೆದುಕೊಳ್ಳುವುದು.

ಮೊದಲು ರಬ್ಬರಿನ ಹೋಸು. ನಿಂತಾಗ ಎರಡು ಗೇಜಿನಲ್ಲಿಯೂ ಒಂಬತ್ತೂವರೆ. ಗುಂಡಿ ಒತ್ತಿದಾಗ ಈಚೆಯ ಮುಳ್ಳು ಎಂಟೂವರೆಗೆ ಇಳಿಯಿತು. ಆಚೆಯದು ಅದಕ್ಕಿಂತ ಅರ್ಧ ಬಾರಿಗೆ ತುಸು ಒಳಗೆ. ಆಮೇಲೆ ಹೊಚ್ಚ ಹೊಸ ಹೆಣೆದ ಹೋಸು. ಅಳಿಯನ ಕಣ್ಣು ಗೇಜಿನ ಮೇಲೆಯೇ ನೆಟ್ಟಿತ್ತು. ಮುಳ್ಳು ಬಂದು ನಿಂತದ್ದು ಹೆಚ್ಚುಕಡಿಮೆ ಅದೇ ಜಾಗದಲ್ಲಿ! ಮೂರು ಸಲ ಮಾಡಿದರೂ ಅಷ್ಟೆ. ಬಣ್ಣದ ಹೋಸಿಗೂ ಕರಿಯ ಹೋಸಿಗೂ ನಡೆದ ವಾದಗಳೆಲ್ಲ ಒಂದು ಮುಳ್ಳಿನ ದಪ್ಪದೊಳಗೆ ಅಡಗಿಹೋದವು. ಮೂರನೆಯದು, ಎರಡು ಮೀಟರಿನ ಉದ್ದದ್ದು. ಉದ್ದ ಮೂರು ಪಟ್ಟಾದರೂ ನಷ್ಟ ಮೂರು ಪಟ್ಟಾಗಲಿಲ್ಲ. ಮುಕ್ಕಾಲು ಬಾರ್ ಇರಬಹುದು.

‘ಇದೇನು ಲೆಕ್ಕ ಮಾವ?’ ಎಂದ. ನಾವು ಒಂದು ಹಳೆಯ ಹೋಸನ್ನು ತುದಿಯಲ್ಲಿ ಕತ್ತರಿಸಿ, ಡ್ರಿಲ್ಲಿನ ಬಿಟ್‌ಗಳನ್ನು ಹಿಂದುಮುಂದಾಗಿ ತೂರಿಸಿ ನೋಡಿದೆವು. ಹೋಸಿನ ಹೊಟ್ಟೆಯಲ್ಲಿ ಆರು ಮಿಲಿಮೀಟರಿನದು ಸಲೀಸಾಗಿ ಹೋಯಿತು. ತುದಿಯ ಹಿತ್ತಾಳೆಯ ಕೊಂಡಿಯಲ್ಲಿ ಐದು ಮಿಲಿಮೀಟರಿನದೂ ತೂರಲಿಲ್ಲ. ಆ ಕೊಂಡಿಯ ಮೊಣಕೆಯನ್ನು ಹೋಸಿನ ಒಳಗೆ ಸೇರಿಸಿ ಮೇಲಿಂದ ಬಿಗಿದಿರುತ್ತಾರಷ್ಟೆ. ಅಂದಮೇಲೆ ಹೆಬ್ಬಾಗಿಲು ಎಷ್ಟು ಅಗಲವಾದರೇನು, ಒಳಗೆ ಹೋಗಲು ದಿಡ್ಡಿಬಾಗಿಲೇ ದಾರಿ. ನಷ್ಟದಲ್ಲಿ ಅರ್ಧದಷ್ಟು ಕೊಂಡಿಗಳಲ್ಲೇ ಆಗುತ್ತಿತ್ತು. ಉದ್ದ ಹೆಚ್ಚಿಸಿದರೂ ಕೊಂಡಿಗಳು ಎರಡೇ ತಾನೆ?

ಇಲ್ಲಿ ಒಂದು ಹಳೆಯ ನಿಯಮವನ್ನು ಹೇಳಬೇಕು. ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯ, ರಕ್ತ ನಾಳಗಳಲ್ಲಿ ಹೇಗೆ ಹರಿಯುತ್ತದೆಂದು ತಿಳಿಯಲು ಕೂದಲಿನಂಥ ಗಾಜಿನ ಕೊಳವೆಗಳಲ್ಲಿ ದ್ರವವನ್ನು ಹರಿಸಿ ನೋಡಿ, ೧೮೪೦ರ ದಶಕದಲ್ಲಿ ಪ್ರಕಟಿಸಿದ ನಿಯಮ ಅದು. ಕೊಳವೆಯ ಉದ್ದ ಎರಡು ಪಟ್ಟಾದರೆ ತಡೆ ಎರಡೇ ಪಟ್ಟು. ಆದರೆ ಅಗಲ ಅರ್ಧವಾದರೆ ತಡೆ ಹದಿನಾರು ಪಟ್ಟು. ಇದು ಶಾಂತವಾಗಿ ಹರಿಯುವಾಗಿನ ಲೆಕ್ಕ. ಜೋರಾಗಿ ಸುಳಿಸುಳಿಯಾಗಿ ಹರಿದರೆ, ಈ ಹೋಸುಗಳಲ್ಲಿ ಆಗುವಂತೆ, ಅದು ಮೂವತ್ತೆರಡು ಪಟ್ಟಿನವರೆಗೆ ಹೋಗುತ್ತದೆ. ಉದ್ದಕ್ಕೆ ಕ್ಷಮೆ ಉಂಟು, ಇಕ್ಕಟ್ಟಿಗೆ ಇಲ್ಲ. ಸಂಸಾರದಲ್ಲಿಯೂ ಇದು ನಿಜವೆಂದು ಚಾಳಿನಲ್ಲಿ ಬಾಳಿದವರು ಒಪ್ಪುತ್ತಾರೆ.

ಕೊನೆಗೆ ಆ ತೊಂದರೆಯ ಹೋಸನ್ನು ಹಾಕಿದೆವು. ನಿಂತಾಗ ಒಂಬತ್ತೂವರೆ, ಕೂದಲಷ್ಟೂ ವ್ಯತ್ಯಾಸವಿಲ್ಲ. ಅಳಿಯ ಗುಂಡಿಯನ್ನು ಒಂದು ಸಲ ಒತ್ತಿ ಬಿಟ್ಟ. ಗಾಳಿ ‘ಭುಸ್’ ಎಂದು ಜೋರಾಗಿಯೇ ಬಂತು. ಅವನ ಮುಖ ಕಂದಿತು. ‘ನೋಡಿ ಮಾವ, ದೋಣಿಯಲ್ಲಿಯೂ ಹೀಗೇ ಆದದ್ದು.’ ‘ಒತ್ತಿ ಹಿಡಿ’ ಎಂದೆವು. ಒತ್ತಿ ಹಿಡಿದ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಭೋರೆಂಬ ಸದ್ದು ಇಳಿದು ಸೀಟಿಯಂತೆ ಸಣ್ಣಗಾಯಿತು. ಆಚೆಯ ಗೇಜಿನ ಮುಳ್ಳು ಎಂಟು ದಾಟಿ, ಆರು ದಾಟಿ, ಮೂರರ ಬಳಿ ಬಂದು ನಡುಗುತ್ತ ನಿಂತಿತು. ಈಚೆಯ ಗೇಜು ಅಲುಗಿದರೆ ಅಲುಗಿತು ಎನ್ನಬೇಕು. ಕೆಲಸ ಮಾಡುವವನಿಗೆ ಉಸಿರು ಕಟ್ಟುತ್ತಿದ್ದರೂ ಕಚೇರಿಯಲ್ಲಿ ಎಲ್ಲವೂ ಕ್ಷೇಮ!

ಅದೇ ಹೋಸನ್ನು ಇನ್ನೊಂದು ಉಪಕರಣಕ್ಕೆ ಹಾಕಿದೆವು. ತೊಂದರೆ ಹೋಸಿನ ಜೊತೆಗೇ ಹೋಯಿತು. ಮೊದಲಿನದಕ್ಕೆ ಬೇರೆ ಹೋಸು ಹಾಕಿದೆವು, ಅದು ನೆಟ್ಟಗಾಯಿತು. ಇನ್ನು ಅನುಮಾನವಿರಲಿಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಹೊರಗಿನ ಹೆಣಿಗೆ ಹೊಸ ಜಡೆಯಂತೆ ಚೆಲುವಾಗಿತ್ತು. ಒಳಪದರ ಹಳದಿಗಟ್ಟಿ, ಕೊಂಡಿಯ ಹತ್ತಿರ ಕಲ್ಲುಸಕ್ಕರೆಯ ಪುಡಿಯಂಥ ಹರಳುಗಳು ಗುಂಪುಗಟ್ಟಿದ್ದವು. ಗಾಳಿಗೆ ಉಳಿದಿದ್ದ ದಾರಿ ಒಂದು ಬೆಂಕಿಕಡ್ಡಿ ತೂರುವಷ್ಟು.

ಇದಕ್ಕೆ ಕಾರಣ ಉಂಟು. ಪಾಲಿಯುರಿಥೇನಿನಲ್ಲಿ ಎರಡು ಬಗೆ. ಈಥರ್ ಬಗೆಯದು ತೇವವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಎಸ್ಟರ್ ಬಗೆಯದನ್ನು ಸೆಕೆ, ತೇವ ಎರಡೂ ಕೂಡಿದಲ್ಲಿ ನೀರಿನಂಶವೇ ಮೆಲ್ಲಮೆಲ್ಲಗೆ ಒಡೆಯುತ್ತದೆ. ಒಡೆದದ್ದು ಹರಳಾಗಿ ಒಳಗೆ ಕೂಡುತ್ತದೆ. ಬಿಸಿ ಸೀಮೆಗಳಲ್ಲಿ ಹೀಗಾಗುವುದೆಂದು ಮುಳುಗುವವರ ಕ್ಷೇಮ ನೋಡುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ ಎಚ್ಚರಿಸಿದೆ. ನಮ್ಮ ಕರಾವಳಿಗಿಂತ ಸೆಕೆ, ತೇವ ಬೇಕೆಂದರೆ ಎಲ್ಲಿಗೆ ಹೋಗಬೇಕು? ತಗಡಿನ ಛಾವಣಿಯ ಕೋಣೆಯಲ್ಲಿ ಆ ಹೋಸು ಎಷ್ಟೋ ಬೇಸಗೆ ಮಳೆಗಾಲಗಳನ್ನು ಕಂಡಿತ್ತು. ಹಲವು ತಯಾರಕರು ಹೋಸುಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಿರೆನ್ನುತ್ತಾರೆ. ನಾವಾದರೋ ಹರಿಯುವತನಕ ಯಾವುದನ್ನೂ ಬಿಸಾಡದ ಜನ.

ದೋಣಿಯಲ್ಲಿ ಸರಿಯಾಗಿದ್ದದ್ದು ಆಳದಲ್ಲಿ ಏಕೆ ಕೈಕೊಟ್ಟಿತು? ಇದೂ ಲೆಕ್ಕವೇ. ಸುಮ್ಮನೆ ಕುಳಿತವನು ನಿಮಿಷಕ್ಕೆ ಹದಿನೈದು ಲೀಟರಿಗಿಂತಲೂ ಕಡಿಮೆ ಗಾಳಿ ಎಳೆಯುತ್ತಾನೆ. ಸೆಳೆತಕ್ಕೆ ಎದುರಾಗಿ ಕಾಲು ಬಡಿಯುವವನಿಗೆ ಐವತ್ತು ಬೇಕಾದೀತು. ಇಪ್ಪತ್ತು ಮೀಟರ್ ಆಳದಲ್ಲಿ ಒತ್ತಡ ಮೂರು ಬಾರ್. ಅಂದರೆ ಪ್ರತಿ ಉಸಿರಿಗೂ ಮೇಲಿನದರ ಮೂರು ಪಟ್ಟು ಗಾಳಿ. ಐವತ್ತು ನೂರೈವತ್ತಾಯಿತು. ಅದೂ ಸರಾಸರಿ, ಉಸಿರನ್ನು ಎಳೆಯುವ ಗಳಿಗೆಯಲ್ಲಿ ಹರಿವು ಅದರ ಮೂರು ಪಟ್ಟಾಗುತ್ತದೆ. ಯುರೋಪಿನ ಇ.ಎನ್. ೨೫೦ ಎಂಬ ಪ್ರಮಾಣದ ಪ್ರಕಾರ ಈ ಉಪಕರಣಗಳನ್ನು ಐವತ್ತು ಮೀಟರ್ ಆಳದ ಒತ್ತಡದಲ್ಲಿಟ್ಟು, ನಿಮಿಷಕ್ಕೆ ೨೫ ಸಲ, ಸಲಕ್ಕೆ ಎರಡೂವರೆ ಲೀಟರಿನಂತೆ ಯಂತ್ರದಿಂದ ಉಸಿರಾಡಿಸಿ ಪರೀಕ್ಷಿಸುತ್ತಾರೆ. ಮೇಲಿನ ಲೆಕ್ಕದಲ್ಲಿ ಅದು ನಿಮಿಷಕ್ಕೆ ೩೭೫ ಲೀಟರ್. ನಿಲ್ಲಿಸಿ ನೋಡುವುದಲ್ಲ, ದುಡಿಸಿ ನೋಡುವುದು.

ಅಂದು ಸಂಜೆ ಅಳಿಯ ಮಾಲೀಕರಿಗೆ ಪತ್ರ ಬರೆಯಲು ಕುಳಿತ. ಸೀಳಿದ ಹೋಸಿನ ಚಿತ್ರ, ಅಳತೆಗಳ ಪಟ್ಟಿ ಎಲ್ಲ ಸಿದ್ಧವಾದವು. ಕೊನೆಗೆ ಒಂದು ವಾಕ್ಯ ಸೇರಿಸಿ ನಮಗೆ ತೋರಿಸಿದ: ‘ಕಳೆದ ಮಳೆಗಾಲದಲ್ಲಿ ಈ ಹೋಸನ್ನು ಪರೀಕ್ಷಿಸಿ ಸರಿಯಿದೆಯೆಂದು ರುಜು ಹಾಕಿದವನು ನಾನೇ. ನಿಂತ ಒತ್ತಡ ಮಾತ್ರ ನೋಡಿದ್ದೆ.’

ನಾವು ಲೋಕ ಕಂಡವರು. ‘ಇದನ್ನು ಬಿಟ್ಟುಬಿಡೋ ಮಾರಾಯಾ. ಹೋಸು ಕೆಟ್ಟಿತ್ತು, ಅಷ್ಟೆ. ನಿನ್ನ ಕೊರಳಿಗೆ ನೀನೇ ಹಗ್ಗ ಯಾಕೆ ಕೊಡುತ್ತೀ?’ ಎಂದೆವು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಹೇಳಿದ: ‘ಮಾವ, ಅವರು ನೀರಿನೊಳಗೆ ನನ್ನ ತೋಳು ಹಿಡಿದ ಹಿಡಿತ ನಿಮಗೆ ಗೊತ್ತಿಲ್ಲ. ಬೆರಳಿನ ಗುರುತು ಎರಡು ದಿನ ಇತ್ತು. ಅಂಥದೇ ಹೋಸು ಕೋಣೆಯಲ್ಲಿ ಇನ್ನೂ ಹನ್ನೊಂದು ಉಂಟು. ಎಲ್ಲದಕ್ಕೂ ನನ್ನದೇ ರುಜು. ನೋಡುವ ಕ್ರಮವೇ ಸರಿಯಿಲ್ಲ ಎಂದು ಹೇಳದಿದ್ದರೆ ಅವರು ಈ ಒಂದನ್ನು ಬದಲಿಸಿ ಸುಮ್ಮನಾಗುತ್ತಾರೆ.’

ಎಪ್ಪತ್ತರ ಅಂಚಿನಲ್ಲಿ ಒಬ್ಬ ಹುಡುಗನಿಂದ ನಾಚಿಕೆ ಪಡಬೇಕಾಯಿತು. ಕಾರ್ಖಾನೆಯ ಆ ಮುಕಾದಮರ ಮುಂದೆ ಪಟ್ಟದ್ದು ಮೊದಲನೆಯದು, ಇದು ಎರಡನೆಯದು. ವಾಕ್ಯ ಉಳಿಯಿತು, ಪತ್ರ ಹೋಯಿತು.

ನಾಲ್ಕು ದಿನ ಉತ್ತರವಿಲ್ಲ. ನಮ್ಮಾಕೆ ಹುಡುಗನಿಗೆ ಬೇಕಾದ ಅಡಿಗೆಯನ್ನೆಲ್ಲ ಮಾಡಿ ಬಡಿಸಿದಳು. ಅವನು ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದ. ಐದನೆಯ ದಿನ ಮಾಲೀಕರ ಫೋನು. ಹನ್ನೊಂದು ಹೋಸುಗಳನ್ನೂ ಒತ್ತಿ ಹಿಡಿದು ನೋಡಿದರಂತೆ. ಇನ್ನೂ ಎರಡು ಸೀಟಿ ಹಾಕಿದವಂತೆ. ಎಲ್ಲವನ್ನೂ ಕಿತ್ತುಹಾಕಿ ಹೊಸದಕ್ಕೆ ಹೇಳಿದ್ದಾರಂತೆ. ‘ಸೋಮವಾರ ಬಾ’ ಎಂದರು. ತಪ್ಪಾಯಿತೆಂದು ಹೇಳಲಿಲ್ಲ. ಮಾಲೀಕರಾದವರು ಹಾಗೆ ಹೇಳುವ ಪದ್ಧತಿ ಇಲ್ಲವಷ್ಟೆ. ತಂಗಿಗೆ ನಾವೇ ಫೋನು ಮಾಡಿ ತಿಳಿಸಿದೆವು. ಅವಳು ಸಂತೋಷಪಟ್ಟಳೋ ಬೇಸರಪಟ್ಟಳೋ ನಮಗೆ ಇನ್ನೂ ತಿಳಿದಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಹೊರಡುವ ದಿನ ಅಳಿಯ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದವನು, ಸೀಲು ಒಡೆಯದ ಮೂರು ಇನ್‌ಹೇಲರುಗಳನ್ನು ಕೈಯಲ್ಲಿ ಹಿಡಿದು ಬಂದ. ನಮ್ಮ ವೈದ್ಯರು ದಿನಾ ಎರಡು ಹೊತ್ತು ತಪ್ಪದೆ ಎಳೆಯಬೇಕೆಂದು ಬರೆದುಕೊಟ್ಟಿದ್ದವು ಅವು.

‘ಇದೆಂತ ಮಾವ?’

‘ಕುಳಿತಾಗ ನಮಗೆ ಏನೂ ತೊಂದರೆ ಇಲ್ಲವೋ. ಸೇತುವೆ ಹತ್ತುವಾಗ ಮಾತ್ರ...’ ಎಂದು ಶುರುಮಾಡಿ ನಾವೇ ನಿಲ್ಲಿಸಿದೆವು.

ಅವನು ನಕ್ಕ. ‘ನಿಂತಾಗ ಒಂಬತ್ತೂವರೆ ಬಾರ್’ ಎಂದ. ಅಷ್ಟೇ ಅಂದದ್ದು. ಒಳಗಿನಿಂದ ನಮ್ಮಾಕೆ ‘ಇನ್ನೊಮ್ಮೆ ಹೇಳೋ, ಕೇಳಲಿ’ ಎಂದಳು.

ಮಾರನೆಯ ದಿನ ವೈದ್ಯರಲ್ಲಿಗೆ ಹೋದೆವು. ಅವರ ಬಳಿ ಒಂದು ಯಂತ್ರ. ಒಂದು ಕೊಳವೆಯನ್ನು ಬಾಯಿಗಿಟ್ಟು, ಎಷ್ಟು ಬೇಗ ಎಷ್ಟು ಗಾಳಿ ಊದುತ್ತೇವೆಂದು ಅದು ಗೆರೆ ಬರೆಯುತ್ತದೆ. ‘ಊದಿ, ಊದಿ, ನಿಲ್ಲಿಸಬೇಡಿ’ ಎಂದು ಅವರು ಕೂಗಿದರು. ಒತ್ತಿ ಹಿಡಿ ಎಂದು ನಾವು ಅಳಿಯನಿಗೆ ಹೇಳಿದ್ದಂತೆಯೇ ಕೇಳಿಸಿತು. ಗೆರೆ ಮೊದಲು ಏರಿ, ಆಮೇಲೆ ಆ ಹೆಣೆದ ಹೋಸಿನ ಸದ್ದಿನಂತೆ ಸೊರಗಿ ಮಲಗಿತು. ಶ್ವಾಸನಾಳದ ಒಳಗೋಡೆ ಬಾತು ದಾರಿ ಸ್ವಲ್ಪ ಇಕ್ಕಟ್ಟಾದರೂ ತಡೆ ಬಹಳ ಹೆಚ್ಚುತ್ತದೆಂದು ವೈದ್ಯರು ವಿವರಿಸತೊಡಗಿದರು. ‘ಗೊತ್ತು ಡಾಕ್ಟರೇ, ಅರ್ಧವಾದರೆ ಹದಿನಾರು ಪಟ್ಟು’ ಎಂದೆವು. ಅವರು ಕನ್ನಡಕ ತೆಗೆದು ನಮ್ಮನ್ನು ನೋಡಿದರು.

ಈಗ ಎರಡು ಹೊತ್ತೂ ಇನ್‌ಹೇಲರು ಎಳೆಯುತ್ತೇವೆ. ಸೇತುವೆಯ ಮೇಲೆ ನಿಲ್ಲುವುದು ಪೂರ್ತಿ ತಪ್ಪಿಲ್ಲ. ಎರಡು ಸಲ ನಿಲ್ಲುತ್ತಿದ್ದವರು ಒಂದು ಸಲ ನಿಲ್ಲುತ್ತೇವೆ. ಪರಿಚಯದವರು ಎದುರಾಗಿ ‘ಏನು, ಗಾಡಿ ನೋಡುತ್ತಿದ್ದೀರಾ?’ ಎಂದು ಕೇಳಿದರೆ, ‘ಇಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದೇವೆ’ ಎನ್ನುತ್ತೇವೆ.